ನಲವತ್ತಾರನೆಯ ಬಿಲ್ಲೆ

ರಾಯಚೂರು
12 ಜನವರಿ 2025

ಪ್ರೀತಿಯ ಅಮರತ್ತೆಗೆ,

ಮೇಘಾ ಮಾಡುವ ನಮಸ್ಕಾರಗಳು. ಫೋನಿನಲ್ಲಿ ನಾನು ಗಂಟಲು ಹರಿದುಕೊಂಡು, ನೀವು ‘ಹ್ಞಾಂ? ಹ್ಞಾಂ?’ ಎಂದು ಕೇಳಿ, ಕೊನೆಗೆ ಇಬ್ಬರೂ ದಣಿದು ಇಟ್ಟುಬಿಡುವುದಕ್ಕಿಂತ ಕಾಗದವೇ ವಾಸಿ. ವಾಟ್ಸಾಪಿನಲ್ಲಿ ಬರೆದರೆ ‘ಅದು ಕಾಗದ ಅಲ್ಲ, ಚೀಟಿ’ ಎನ್ನುತ್ತೀರಿ. ನಿಮ್ಮ ಕಿವಿ ಹೋದ ಮೇಲೆ ನನ್ನ ಅಕ್ಷರವಾದರೂ ಸುಧಾರಿಸಿದೆ.

ವಿಷಯ ಇಷ್ಟು. ನಮ್ಮ ಓಣಿಯ ಹಳೆಯ ಸಭಾಮನೆಯನ್ನು ರಿಪೇರಿ ಮಾಡಿಸಿ ವಾಚನಾಲಯ ಮಾಡುತ್ತಿದ್ದಾರೆ. ಅದಕ್ಕೆ ಅಜ್ಜನ ಹೆಸರು. ಬುದ್ಧ ಪೂರ್ಣಿಮೆಯ ದಿನ ‘ಮೌನಪ್ಪ ವಾಚನಾಲಯ’ ಎಂದು ಕೆತ್ತಿದ ಕಲ್ಲಿನ ಮೇಲಿನ ಪರದೆ ಸರಿಸುತ್ತಾರೆ. ಅವತ್ತು ಹಂಚುವುದಕ್ಕೆ ಅಜ್ಜನ ಬದುಕಿನ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದುಕೊಡು ಎಂದು ಓಣಿಯ ಸಂಘದವರು ನನ್ನ ಕೊರಳಿಗೆ ಕಟ್ಟಿದ್ದಾರೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು, ಸ್ವಂತ ಅಜ್ಜನ ಇತಿಹಾಸ ಬರೆಯಲಾರೆ ಎನ್ನುವುದು ಹೇಗೆ? ಒಪ್ಪಿಕೊಂಡೆ. ಪಾಠ, ಮನೆ, ಅಡುಗೆ, ಎಲ್ಲ ಮುಗಿಸಿ ಕೂತರೆ ಎರಡು ಸಾಲಿಗೇ ಕಣ್ಣು ಮುಚ್ಚುತ್ತವೆ.

ಒಂದು ಅದೃಷ್ಟ ನೋಡಿ. ಅಜ್ಜ ದುಡಿದ ಹತ್ತಿ ಮಿಲ್ಲಿನ ಗುಮಾಸ್ತರ ಮಗ ಇನ್ನೂ ಇದ್ದಾರೆ. ಅವರ ಅಟ್ಟದ ಮೇಲೆ ಹಳೆಯ ಹಾಜರಿ ಪುಸ್ತಕಗಳಿದ್ದವು. ಇಲಿ ತಿಂದು ಉಳಿದದ್ದನ್ನು ಕೊಟ್ಟರು. ಮಿಲ್ಲಿನ ಗೇಟಿನಲ್ಲಿ ಆಳುಗಳು ಹಿತ್ತಾಳೆಯ ಬಿಲ್ಲೆ ತೋರಿಸಿ ಒಳಗೆ ಹೋಗುತ್ತಿದ್ದರಂತೆ. ಅಜ್ಜನ ಬಿಲ್ಲೆ ನಲವತ್ತಾರು. 1950ರಿಂದ ಮಿಲ್ಲು ಮುಚ್ಚಿದ 1979ರವರೆಗೆ ಪ್ರತಿ ಹತ್ತಿ ಹಂಗಾಮಿನಲ್ಲೂ ನಲವತ್ತಾರು ಹಾಜರು. ಆದರೆ 1957ರವರೆಗೆ ಹೆಸರಿನ ಮುಂದೆ ಅಜ್ಜನ ಮುತ್ತಿನಂಥ ಸಹಿ ಇದೆ, ಆ ವರ್ಷದ ನವೆಂಬರಿನಿಂದ ಬರೀ ಹೆಬ್ಬೆಟ್ಟು. ಓದು ಬರಹ ಬಲ್ಲವನು ಹೆಬ್ಬೆಟ್ಟು ಯಾಕೆ ಒತ್ತಿದ? ಇನ್ನೊಂದು, ಇಷ್ಟು ವರ್ಷದಲ್ಲಿ ದೀರ್ಘ ರಜೆ ಒಂದೇ ಒಂದು ಸಲ. 1958ರ ಮಾರ್ಚ್ 13ರಿಂದ ಏಪ್ರಿಲ್ 2ರವರೆಗೆ, ಇಪ್ಪತ್ತೊಂದು ದಿನ. ಅಜ್ಜನಿಗೆ ಆಗ ಏನು ಕಾಯಿಲೆ ಆಗಿತ್ತು?

ನಿಮ್ಮ ಬಗ್ಗೆ ಬರೆದ ಸಾಲನ್ನೂ ಓದಿ ಹೇಳಿ: “ಅಕಾಲಕ್ಕೆ ತೀರಿಹೋದ ತಮ್ಮ ಪರಮಣ್ಣನ ಹೆಂಡತಿ ಹಣಮಮ್ಮನನ್ನೂ ಆಕೆಯ ಮಗಳು ಅಮರಮ್ಮನನ್ನೂ ಮನೆಯಲ್ಲಿಟ್ಟುಕೊಂಡು ತನ್ನ ದುಡಿಮೆಯಿಂದ ಸಾಕಿದ್ದು ಮೌನಪ್ಪನವರ ಔದಾರ್ಯಕ್ಕೆ ಸಾಕ್ಷಿ.” ಚೆನ್ನಾಗಿದೆಯಲ್ಲವೇ?

ಅಪ್ಪ ಆರಾಮಾಗಿದ್ದಾನೆ.

ನಿಮ್ಮ
ಮೇಘಾ

*

ದೇವದುರ್ಗ
27 ಜನವರಿ 2025

ಚಿರಂಜೀವಿ ಮೇಘಾಳಿಗೆ ಅಮರತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಎರಡು ಕಡೆ ಕೆಂಪು ಪೆನ್ನು ಆಡಿಸಿದ್ದೇನೆ, ಮೂವತ್ತೊಂಬತ್ತು ವರ್ಷ ಮಾಸ್ತರಿಕೆ ಮಾಡಿದ ಕೈ ಸುಮ್ಮನೆ ಕೂಡುವುದಿಲ್ಲ.

ದೊಡ್ಡಪ್ಪನ ಬಗ್ಗೆ ಕೇಳಿದ್ದೀಯ. ನನಗೆ ನೆನಪಿರುವುದನ್ನು ಬರೆಯುತ್ತೇನೆ. ನೆಲದ ಪರಸಿಬಂಡೆಯ ಮೇಲೆ ಇದ್ದಿಲಿನಿಂದ ಅ ಆ ಬರೆಯುತ್ತಿದ್ದ. ನಾವು ತಿದ್ದಿದ ಮೇಲೆ ಒದ್ದೆ ಅರಿವೆಯಿಂದ ಒರೆಸಿ ಮತ್ತೆ ಬರೆಯುತ್ತಿದ್ದ. ನಾನೂ ನಿನ್ನ ಅಪ್ಪ ಹುಸೇನಣ್ಣನೂ ಶಾಲೆಗೆ ಸೇರುವ ಮೊದಲೇ ಕಾಗುಣಿತ ಮುಗಿಸಿದ್ದೆವು. ನನಗಿಂತ ಏಳು ವರ್ಷ ದೊಡ್ಡವನಾದ ಅವನು ನಾನು ತಿದ್ದುವಾಗ ಹಿಂದಿನಿಂದ ಜಡೆ ಎಳೆಯುತ್ತಿದ್ದ. ದೊಡ್ಡಪ್ಪ ಜೋಳದ ರೊಟ್ಟಿ ತೆಳ್ಳಗೆ ಬಡಿಯುತ್ತಿದ್ದ, ಅಂಚು ಒಡೆಯದ ಹಾಗೆ. ಅಷ್ಟು ತೆಳುವಾದ ರೊಟ್ಟಿ ಇವತ್ತಿಗೂ ನನ್ನ ಕೈಗೆ ಬಂದಿಲ್ಲ. ಕೆಮ್ಮು ಹೆಚ್ಚಿತ್ತು, ರೊಟ್ಟಿ ಬಡಿಯುವಾಗ ಹೆಗಲಿಗೆ ಮುಖ ತಿರುಗಿಸಿ ಕೆಮ್ಮುತ್ತಿದ್ದ.

ಮಿಲ್ಲಿನ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ. ರಜೆಯ ವಿಷಯವೂ ಗೊತ್ತಿಲ್ಲ. ‘ಔದಾರ್ಯ’ ಎಂಬ ಮಾತು ತೆಗೆದುಬಿಡು. ಯಾಕೆ ಎಂದು ಕೇಳಬೇಡ.

ಒಂದು ಮಾತು. ಆ ಮನೆಯಿಂದ ಬರುವ ಪ್ರತಿ ಕಾಗದದ ಕೆಳಗೆ ಹುಸೇನಣ್ಣ ತನ್ನ ಕೈಯಿಂದ ‘ಅಮರಿ, ಉಂಡೆಯೇನು?’ ಎಂದು ಒಂದು ಸಾಲು ಬರೆಯುತ್ತಿದ್ದ. ಈ ಸಲ ಇಲ್ಲ. ಹಾಳೆ ತಿರುಗಿಸಿಯೂ ನೋಡಿದೆ. ಯಾಕೆ?

ಅಮರಮ್ಮ

*

ರಾಯಚೂರು
11 ಫೆಬ್ರವರಿ 2025

ಪ್ರೀತಿಯ ಅತ್ತೆಗೆ,

ಅಪ್ಪನಿಗೆ ಕಣ್ಣಿನ ಪೊರೆ ತೆಗೆದಿದ್ದಾರೆ. ಡಾಕ್ಟರು ಬರೆಯಬೇಡಿ, ಓದಬೇಡಿ ಎಂದಿದ್ದಾರೆ. ಅಷ್ಟೇ. ನೀವು ಗಾಬರಿಯಾಗಿ ಬಸ್ಸು ಹತ್ತಬೇಡಿ, ನಿಮ್ಮ ಮೊಣಕಾಲಿಗೆ ಗಬ್ಬೂರಿನ ರಸ್ತೆ ಆಗಿಬರುವುದಿಲ್ಲ.

‘ಔದಾರ್ಯ’ ತೆಗೆದಿದ್ದೇನೆ. ನಿಮಗೆ ನೋವಾಗಿದೆ ಎಂದು ತಿಳಿಯಿತು. ಇನ್ನೊಬ್ಬರ ಹಂಗಿನಲ್ಲಿ ಬೆಳೆದದ್ದನ್ನು ಅಚ್ಚಿನಲ್ಲಿ ಓದುವುದು ಯಾರಿಗೂ ಹಿತವಲ್ಲ, ನಾನು ಯೋಚಿಸಬೇಕಿತ್ತು. ಈಗ “ತಮ್ಮನ ಹೆಂಡತಿಗೂ ಮಗಳಿಗೂ ಮೌನಪ್ಪನವರು ಆಸರೆಯಾದರು” ಎಂದಿಟ್ಟಿದ್ದೇನೆ. ಇದು ಮೆತ್ತಗಿದೆ.

ಹೆಬ್ಬೆಟ್ಟಿನ ಒಗಟನ್ನು ನಾನೇ ಬಿಡಿಸಿದೆ ಅತ್ತೆ. ಆ ಕಾಲದ ಆಳುಗಳಲ್ಲಿ ಅಕ್ಷರ ಬಲ್ಲವರು ಯಾರಿದ್ದರು? ಎಲ್ಲರೂ ಹೆಬ್ಬೆಟ್ಟು ಒತ್ತುವಾಗ ತಾನೊಬ್ಬ ಸಹಿ ಮಾಡಿ ದೊಡ್ಡವನೆನಿಸಿಕೊಳ್ಳುವುದು ಅಜ್ಜನಿಗೆ ಬೇಡವಾಗಿದೆ. ಸಂಗಾತಿಗಳ ಸಮಕ್ಕೆ ತಾನೂ ಹೆಬ್ಬೆಟ್ಟು ಒತ್ತಿದ್ದಾನೆ. ಇದಕ್ಕೇ ಒಂದು ಅಧ್ಯಾಯ ಬರೆದೆ. ಸಂಘದಲ್ಲಿ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷೆ ಮೌನೇಶ್ವರಿಯಮ್ಮ ಮಾತ್ರ ಚಹಾ ಲೋಟ ತಿರುಗಿಸುತ್ತ ಕೂತಿದ್ದರು, ಅವರಿಗೆ ವಯಸ್ಸಾಗಿದೆ.

ಮುಖಪುಟಕ್ಕೆ ಮಿಲ್ಲು ಮುಚ್ಚಿದ ದಿನದ ಫೋಟೋ. ಮಾಲೀಕರು ಅಜ್ಜನಿಗೆ ಶಾಲು ಹೊದಿಸುತ್ತಿದ್ದಾರೆ, ಅಜ್ಜ ತಲೆ ತಗ್ಗಿಸಿದ್ದಾನೆ. ಎಂಥ ವಿನಯ ಎಂದು ಅಡಿಬರಹ ಕೊಟ್ಟಿದ್ದೇನೆ.

ಅಜ್ಜ ರೊಟ್ಟಿ ಬಡಿಯುತ್ತಿದ್ದನೇ? ದಿನವಿಡೀ ಮಿಲ್ಲಿನಲ್ಲಿ ದುಡಿದು ಬಂದು? ಹಣಮಜ್ಜಿ ಮನೆಯಲ್ಲೇ ಇದ್ದರಲ್ಲ, ಅವರು ಮಾಡುತ್ತಿರಲಿಲ್ಲವೇ? ಬಿಡುವಾದಾಗ ತಿಳಿಸಿ. ಪುಸ್ತಕ ಜೂನ್ ಒಂದಕ್ಕೆ, ನಿಮ್ಮ ಹುಟ್ಟುಹಬ್ಬಕ್ಕೆ ಕೈಗೆ ಕೊಡಬೇಕೆಂದಿದ್ದೆ, ಆದರೆ ಪೂರ್ಣಿಮೆ ಮೇ ತಿಂಗಳಿಗೇ ಬಂದಿದೆ.

ನಿಮ್ಮ
ಮೇಘಾ

*

ಮಾನ್ವಿ
13 ಮಾರ್ಚ್ 2025

ಮೇಘಾ,

ಮೊಣಕಾಲು ತೋರಿಸಲು ಮಗಳು ರಾಧಾಳ ಮನೆಗೆ ಬಂದಿದ್ದೇನೆ. ಡಾಕ್ಟರು ಎಣ್ಣೆ ಹಚ್ಚಿ, ಮಾತ್ರೆ ನುಂಗಿ, ವಯಸ್ಸಾಯಿತು ಎಂದರು. ಕೊನೆಯದು ನನಗೆ ಮೊದಲೇ ಗೊತ್ತಿತ್ತು.

ಪುಸ್ತಕ ನಿನ್ನದು. ನಿನಗೆ ತಿಳಿದಂತೆ ಬರಕೋ. ಆಸರೆ ಎಂದಾದರೂ ಬರೆ, ಹಂಗು ಎಂದಾದರೂ ಬರೆ. ನನ್ನ ಅವ್ವ ಮನೆಯಲ್ಲಿದ್ದು ಏನು ಮಾಡುತ್ತಿದ್ದಳು ಎಂದು ಕೇಳಿದ್ದೀಯ. ಸತ್ತು ಇಪ್ಪತ್ತೊಂಬತ್ತು ವರ್ಷವಾದ ಮೇಲೆ ಅವಳಿಂದ ಈ ಲೆಕ್ಕ ಕೇಳುವವಳು ನೀನೇ ಮೊದಲು.

ಇವತ್ತು ರಾಧಾಳ ಕೈಯಲ್ಲಿ ಹೋಳಿಗೆ ಮಾಡಿಸಿದೆ. ಹುಣ್ಣಿಮೆಗೇನವ್ವ ಎಂದು ಕೇಳಿದಳು. ಹೂಂ ಎಂದೆ. ಒಂದೇ ತಿಂದೆ.

ಪೊರೆ ತೆಗೆದ ಕಣ್ಣು ತಿಂಗಳಿಗೆ ಸರಿಹೋಗುತ್ತದೆ, ನನಗೂ ತೆಗೆದಿದ್ದಾರೆ. ಹುಸೇನಣ್ಣನ ಸಾಲು ಇನ್ನೂ ಬಂದಿಲ್ಲ. ನಾನು ಕಿವುಡಿ, ಕುರುಡಿಯಲ್ಲ.

ಅಮರಮ್ಮ

*

ರಾಯಚೂರು
22 ಮಾರ್ಚ್ 2025

ಅತ್ತೆ,

ನಾನು ಸುಳ್ಳು ಬರೆದೆ. ಅಪ್ಪನಿಗೆ ಪೊರೆ ತೆಗೆದಿಲ್ಲ. ಡಿಸೆಂಬರ್ ಹತ್ತೊಂಬತ್ತಕ್ಕೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಗಿವೆ. ಮಾತು ತೊದಲುತ್ತದೆ, ಹೊತ್ತು ಗೊತ್ತು ಕಲಸಿಹೋಗಿದೆ. ನಿಮಗೆ ತಿಳಿಸಿದರೆ ಆ ಕಾಲು ಎಳೆದುಕೊಂಡು ಬಂದುಬಿಡುತ್ತೀರಿ, ಇಬ್ಬರನ್ನು ನೋಡಿಕೊಳ್ಳುವ ಶಕ್ತಿ ನನಗಿಲ್ಲ ಎಂದು ಮುಚ್ಚಿಟ್ಟೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ. ಹಗಲು ತಹಮೀನಾ ಎಂಬ ನರ್ಸಮ್ಮ ಬರುತ್ತಾರೆ. ಸಂಜೆ ನಾಲ್ಕೂವರೆಗೆ ಅವರು ಹೋದ ಮೇಲೆ ನಾನೇ.

ಈಗ ಕೇಳಿ. ಪ್ರತಿ ಸಂಜೆ ಐದಕ್ಕೆ, ಗಡಿಯಾರ ನೋಡದೆಯೂ, ಅಪ್ಪ ಬಾಗಿಲ ಕಡೆ ಮುಖ ತಿರುಗಿಸುತ್ತಾನೆ. “ಚಿಗವ್ವ ಬಂದ್ಲೇನು?” ಎನ್ನುತ್ತಾನೆ. ಚಿಗವ್ವ ಎಂದರೆ ನಿಮ್ಮ ಅವ್ವ, ಹಣಮಜ್ಜಿ. ಇಲ್ಲ ಎಂದರೆ ಬಾಯಿ ಬಿಗಿಹಿಡಿಯುತ್ತಾನೆ. ಗಂಜಿ ಒಳಗೆ ಹೋಗುವುದಿಲ್ಲ. ‘ಬರ್ತಾಳ, ಉಣ್ಣಪ್ಪಾ’ ಎಂದರೆ ಮತ್ತೆ ಬಾಗಿಲು ನೋಡುತ್ತಾನೆ. ಗಂಜಿ ಆರಿ, ಬಿಸಿ ಮಾಡಿ, ಮತ್ತೆ ಆರಿ, ಕೊನೆಗೆ ಮುಸುರೆಗೆ. ಮೂರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದಿದ್ದಾನೆ. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದಿದ್ದಾರೆ ಡಾಕ್ಟರು.

ತನ್ನ ಅಪ್ಪನನ್ನು ಒಂದು ದಿನವೂ ಕೇಳಲಿಲ್ಲ. ಮೊನ್ನೆ ನಾನೇ ಸಿಟ್ಟಿನಿಂದ, “ಅಜ್ಜ ಮಿಲ್ಲಿನಿಂದ ಬರೋ ಹೊತ್ತಾತು, ಅಂವ ಬೈತಾನ ನೋಡು, ಉಣ್ಣು” ಎಂದೆ. ಅಪ್ಪ ನಕ್ಕ ಅತ್ತೆ. ಲಕ್ವ ಹೊಡೆದ ಮೇಲೆ ಮೊದಲ ಸಲ ನಕ್ಕ. “ಹುಚ್ಚಿ. ಅಪ್ಪ ಒಳಗ ರೊಟ್ಟಿ ಬಡ್ಯಾಕತ್ತಾನ” ಎಂದ.

ನಿಮ್ಮ ಜನವರಿಯ ಕಾಗದ ತೆಗೆದು ಮತ್ತೆ ಓದಿದೆ. ಹಾಜರಿ ಪುಸ್ತಕವನ್ನೂ ತೆಗೆದೆ. ಆ ಹೆಬ್ಬೆಟ್ಟಿನ ಗುರುತುಗಳು ಸಣ್ಣವು. ನನ್ನ ಹೆಬ್ಬೆರಳಿಟ್ಟು ನೋಡಿದೆ, ನನ್ನಷ್ಟೇ ಇವೆ.

ನಾನು ಏನನ್ನು ತಪ್ಪು ಬರೆದಿದ್ದೇನೆ ಅತ್ತೆ? ಹೇಳಿಬಿಡಿ. ನನಗೆ ದಣಿವಾಗಿದೆ.

ಮೇಘಾ

*

ದೇವದುರ್ಗ
1 ಏಪ್ರಿಲ್ 2025

ಮಗಳೇ,

ಮೂರು ತಿಂಗಳು ಮುಚ್ಚಿಟ್ಟೆ ಎಂದು ನಿನ್ನನ್ನು ಬೈಯಬೇಕೆಂದು ಕೂತೆ. ಅರವತ್ತು ವರ್ಷ ಮುಚ್ಚಿಟ್ಟವಳು ಯಾವ ಬಾಯಿಂದ ಬೈಯಲಿ? ಅದಕ್ಕೇ ಮೊದಲು ನನ್ನದನ್ನು ಹೇಳಿ ಮುಗಿಸುತ್ತೇನೆ.

ನಿನ್ನ ಅಜ್ಜ ಮೌನಪ್ಪ ಕಲ್ಲೂರಿನಿಂದ ಬಂದು ಏಳು ಹಂಗಾಮು ಮಿಲ್ಲಿನಲ್ಲಿ ದುಡಿದ. ಹತ್ತಿಯ ಧೂಳು ಎದೆಗಿಳಿಯಿತು. ಒಳಗೆ ಕಾಲಿಟ್ಟರೆ ಉಸಿರು ಕಟ್ಟಿ ಬೀಳುತ್ತಿದ್ದ. ಅದೇ ವರ್ಷ, 1957ರ ಮಳೆಗಾಲದಲ್ಲಿ, ನನ್ನಪ್ಪ ಪರಮಣ್ಣ ಜ್ವರದಿಂದ ಸತ್ತ. ನಾನು ಆಗ ಅವ್ವನ ಹೊಟ್ಟೆಯಲ್ಲಿ ಎರಡು ತಿಂಗಳು. ನಿನ್ನ ಅಜ್ಜಿ ದುರುಗಮ್ಮ ಹಾಸಿಗೆ ಹಿಡಿದವಳು. ಹುಸೇನಣ್ಣ ಆರು ವರ್ಷದವನು. ಆ ಮನೆಯಲ್ಲಿ ನೆಟ್ಟಗೆ ನಿಂತು ದುಡಿಯಬಲ್ಲವಳು ನನ್ನ ಅವ್ವ ಒಬ್ಬಳೇ.

ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಗೇಟಿನವನು ಮುಖ ನೋಡುತ್ತಿರಲಿಲ್ಲ, ಬಿಲ್ಲೆ ನೋಡುತ್ತಿದ್ದ. ಒಬ್ಬನಿಗೆ ಜ್ವರ ಬಂದರೆ ಅವನ ಬಿಲ್ಲೆ ಹಿಡಿದು ಮನೆಯವರು ಯಾರಾದರೂ ಹೋಗುತ್ತಿದ್ದರು, ಎರಡು ದಿನ, ನಾಲ್ಕು ದಿನ. ಆಳುಗಳ ಮೇಲ್ವಿಚಾರಣೆಯ ಮುಕಾದಮ ಕಂಡೂ ಕಾಣದಂತಿರುತ್ತಿದ್ದ. ಅವ್ವ ಹಾಗೆ ನಾಲ್ಕು ದಿನಕ್ಕೆಂದು ಹೋದಳು. ಇಪ್ಪತ್ತೆರಡು ವರ್ಷ ಹೋದಳು.

ಹೆಣ್ಣಾಳಿನ ಬಿಲ್ಲೆ ಮಾಡಿಸಿಕೊಳ್ಳಬಹುದಿತ್ತು. ಗಂಡಾಳಿನ ಪಗಾರ ಸಿಗುತ್ತಿರಲಿಲ್ಲ, ಐದು ಹೊಟ್ಟೆ ತುಂಬುತ್ತಿರಲಿಲ್ಲ. ಅದಕ್ಕೇ ಹತ್ತಿಯ ಅಂಡಿಗೆ ಹೊರುವ ಗಂಡಸರ ಸಾಲಿನಲ್ಲಿ ನಿಂತಳು.

ಬೆಳಿಗ್ಗೆ ದೊಡ್ಡಪ್ಪ ಖಾಕಿ ಅಂಗಿ ತೊಟ್ಟು ಮುಂದೆ ಹೋಗುತ್ತಿದ್ದ, ಅವ್ವ ಬುತ್ತಿ ಹಿಡಿದು ಹಿಂದೆ. ಮಿಲ್ಲಿನ ತಿರುವಿನ ಬೇವಿನ ಮರದ ಹತ್ತಿರ ಜೇಬಿನಿಂದ ಬಿಲ್ಲೆ ತೆಗೆದು ಅವಳ ಕೈಗೆ ಕೊಡುತ್ತಿದ್ದ. ಅವಳು ಒಳಗೆ. ಅವನು ಮಾವಿನಕೆರೆಯ ದಂಡೆ ಸುತ್ತಿ ಹಿಂದಿನ ಸಂದಿಯಿಂದ ಮನೆಗೆ. ಅಂಗಿ ಬಿಚ್ಚಿಟ್ಟು ಒಲೆ ಹಚ್ಚುತ್ತಿದ್ದ. ಅರ್ಧ ತಾಸಿಗೊಮ್ಮೆ ದುರುಗಮ್ಮನ ಮಗ್ಗುಲು ಬದಲಿಸುತ್ತಿದ್ದ. ಸಂಜೆ ಐದಕ್ಕೆ ಮಿಲ್ಲಿನ ಭೋಂಗಾ ಕೂಗಿದರೆ ಮತ್ತೆ ಅಂಗಿ ತೊಟ್ಟು ಬೇವಿನ ಮರಕ್ಕೆ. ಅವಳು ಬಿಲ್ಲೆ ಕೊಡುವಳು, ಅವನು ಜೇಬಿಗಿಳಿಸುವನು, ಅವನು ಮುಂದೆ, ಅವಳು ಹಿಂದೆ ಖಾಲಿ ಬುತ್ತಿ ಹಿಡಿದು, ಓಣಿ ಸೇರುತ್ತಿದ್ದರು. ಓಣಿಗೆ ಗೊತ್ತಿಲ್ಲ ಎಂದು ಇಬ್ಬರೂ ನಂಬಿದ್ದರು.

ಹೋಗುವಾಗ ಕರಿ ತಲೆ, ಬರುವಾಗ ಬಿಳಿ ತಲೆ. ಮೈಯೆಲ್ಲ ಅರಳೆ. ಅಂಗಳದಲ್ಲಿ ನಿಂತು ಸೆರಗು ಝಾಡಿಸುವಳು, ಕೂದಲು ಕೊಡವುವಳು, ಕೈಕಾಲು ತೊಳೆಯುವಳು. ಅಲ್ಲಿಯವರೆಗೆ ನಮಗೆ ಊಟವಿಲ್ಲ. ಬಿಸಿ ರೊಟ್ಟಿ ಮುಂದಿದ್ದರೂ ದೊಡ್ಡಪ್ಪ ಮುಟ್ಟಗೊಡುತ್ತಿರಲಿಲ್ಲ. “ದುಡದು ಬಂದಾಕಿ ಮದ್ಲು ಕೈ ತೊಳೀಲಿ. ಆಮ್ಯಾಲ ನಾವು” ಎನ್ನುತ್ತಿದ್ದ. ಹುಸೇನಣ್ಣ ಹೊಸ್ತಿಲ ಮೇಲೆ ಕೂತು ಬಾಗಿಲು ಕಾಯುತ್ತಿದ್ದ. ಈಗಲೂ ಅವನು ಹಟ ಮಾಡುತ್ತಿಲ್ಲ ಮೇಘಾ, ಅಪ್ಪನ ಮಾತು ಪಾಲಿಸುತ್ತಿದ್ದಾನೆ.

ಇನ್ನು ಆ ಇಪ್ಪತ್ತೊಂದು ದಿನ. ನನ್ನ ಹುಟ್ಟಿದ ದಿನ ಜೂನ್ ಒಂದು ಎಂದು ಬರೆದದ್ದು ಶಾಲೆಯ ಮಾಸ್ತರರು, ದಿನ ಗೊತ್ತಿಲ್ಲದ ಎಲ್ಲ ಮಕ್ಕಳಿಗೂ ಅವರು ಅದನ್ನೇ ಬರೆಯುತ್ತಿದ್ದರು. ನಾನೂ ಮಾಸ್ತರಿಕೆ ಮಾಡುವಾಗ ಎಷ್ಟೋ ಮಕ್ಕಳಿಗೆ ಬರೆದಿದ್ದೇನೆ. ಅವ್ವ ಹೇಳುತ್ತಿದ್ದುದು “ಕಾಮನ ಹುಣ್ಣಿಮಿ ಆಗಿ ಎಂಟ ದಿನಕ್ಕ” ಎಂದು, ಅಷ್ಟೇ. ಯಾವ ತಾರೀಖು ಎಂದು ನನಗೆ ತಿಳಿದದ್ದು ನಿನ್ನ ಜನವರಿಯ ಕಾಗದದಿಂದ. ಮಾರ್ಚ್ 12ಕ್ಕೆ ನಲವತ್ತಾರು ಹಾಜರು. 13ರಿಂದ ಗೈರು. ಹಿಂದಿನ ದಿನದವರೆಗೂ ಅಂಡಿಗೆ ಹೊತ್ತಿದ್ದಾಳೆ. ಅರವತ್ತಾರು ವರ್ಷ ತುಂಬಿದ ಮೇಲೆ ಹುಟ್ಟಿದ ದಿನ ಗೊತ್ತಾಯಿತು, ಹೋಳಿಗೆ ಮಾಡಿಸಿಕೊಂಡು ತಿಂದೆ.

ಇಪ್ಪತ್ತೆರಡನೆಯ ದಿನ ಅವ್ವ ಮಿಲ್ಲಿಗೆ ಹೋದಳು. ಮಧ್ಯಾಹ್ನ ದೊಡ್ಡಪ್ಪ ನನ್ನನ್ನು ಅರಿವೆಯಲ್ಲಿ ಸುತ್ತಿಕೊಂಡು ಮಿಲ್ಲಿನ ಹಿಂದೆ ಹೋಗುತ್ತಿದ್ದನಂತೆ. ಬಿದ್ದ ಗೋಡೆಯ ಸಂದಿನಿಂದ ಕೊಟ್ಟು, ತಾನು ಆಚೆ ಮುಖ ತಿರುಗಿಸಿ ಕೂತು, ಅವಳು ಹಾಲು ಕುಡಿಸಿ ಕೊಟ್ಟ ಮೇಲೆ ತರುತ್ತಿದ್ದನಂತೆ. ಅವನನ್ನು ನಾನು ಹೇಗೆ ಸಣ್ಣವನು ಮಾಡಲಿ? ನನಗೆ ಅಕ್ಷರ ಬಂದದ್ದು ಅವನಿಂದ, ನೌಕರಿ ಬಂದದ್ದು ಆ ಅಕ್ಷರದಿಂದ.

ಆದರೆ ನನಗೆ ಸಿಟ್ಟೂ ಇದೆ. ಅದನ್ನೂ ಬರೆಯುತ್ತೇನೆ. ‘ದೊಡ್ಡಪ್ಪನ ಅನ್ನ ತಿಂದು ಬೆಳೆದಾಕಿ’ ಎಂದು ನನ್ನ ಮದುವೆಯ ಚಪ್ಪರದಲ್ಲಿ ಅಂದರು. ಅವ್ವ ಅಲ್ಲೇ ನಿಂತಿದ್ದಳು, ಅಂಡಿಗೆ ಹೊತ್ತು ಕಾಯಿಗಟ್ಟಿದ ಹೆಗಲಿನ ಮೇಲೆ ಸೆರಗು ಎಳೆದುಕೊಂಡಳು. ಮಿಲ್ಲು ಮುಚ್ಚಿದ ದಿನ ಮಾಲೀಕರು ನಲವತ್ತಾರನೆಯ ಆಳಿಗೆ ಶಾಲು ಹೊದಿಸುತ್ತೇವೆ ಎಂದರು. ಹೆಂಗಸನ್ನು ಮುಂದೆ ನಿಲ್ಲಿಸಲು ಮುಕಾದಮ ಹೆದರಿದ, ದೊಡ್ಡಪ್ಪನಿಗೆ ಹೇಳಿಕಳಿಸಿದ. ನಿನ್ನ ಮುಖಪುಟದಲ್ಲಿ ಅವನು ತಲೆ ತಗ್ಗಿಸಿದ್ದು ವಿನಯಕ್ಕಲ್ಲ. ಮನೆಗೆ ಬಂದು ಆ ಶಾಲನ್ನು ಅವ್ವನ ಮುಂದಿಟ್ಟು ಹೊರಗೆ ಹೋಗಿ ಕೂತ. ಅವಳು ಅದನ್ನು ಬೀಸುಕಲ್ಲಿಗೆ ಹೊದಿಸಿದಳು.

1989ರಲ್ಲಿ ಅವನು ಸತ್ತಾಗ, ಮಣ್ಣಿಗೆ ಒಯ್ಯುವ ಮೊದಲು ಅವ್ವ ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. ನಾನು ತಡೆಯಲು ಹೋದೆ. “ಸುಮ್ನಿರ ಬೇ. ಅದು ಆತಂದ” ಎಂದಳು. ಆಮೇಲೆ ತವರು ಪೋತ್ನಾಳಕ್ಕೆ ಹೋಗಿ ಏಳು ವರ್ಷ ಬದುಕಿದಳು. ಸಾಯುವ ಮುಂದೆ ನನ್ನ ಕೈ ಹಿಡಿದು ಮಾತು ತಗೊಂಡಳು. “ಬಿಲ್ಲಿ ಮಾತು ಎಲ್ಲೂ ಎತ್ತಬ್ಯಾಡ. ಗಂಡಸಾಗಿ ಹುಟ್ಟಿ ನಮ್ಮ ಸಲುವಾಗಿ ಒಲಿ ಮುಂದ ಕುಂತ. ಅದರಕಿಂತ ದೊಡ್ಡದು ನಾ ಏನ್ ಮಾಡೀನಿ?” ಅವಳನ್ನು ಅಲ್ಲೇ ಅವಳ ಅಣ್ಣನ ಹೊಲದ ಬದುವಿನಲ್ಲಿ ಹೂಳಿದರು. ಕಲ್ಲಿಲ್ಲ. ಹೊಲ ವಿಸ್ತಾರವಾಗಿ ಈಗ ಜಾಗವೂ ಸರಿಯಾಗಿ ತಿಳಿಯುವುದಿಲ್ಲ.

ಕೊಟ್ಟ ಮಾತು ಇವತ್ತು ಮುರಿದಿದ್ದೇನೆ. ಹುಸೇನಣ್ಣ ಉಪವಾಸವಿರುವಾಗ ಮಾತು ಕಟ್ಟಿಕೊಂಡು ಏನು ಮಾಡಲಿ?

ವಾಚನಾಲಯದ ಹೆಸರು ಬದಲಿಸಬೇಡ. ಓದು ಕಲಿಸಿದವನು ಅವನೇ, ಅದು ಅವನಿಗೇ ಸಲ್ಲಬೇಕು. ಆದರೆ ಆ ಇಪ್ಪತ್ತೆರಡು ವರ್ಷದ ದುಡಿಮೆ ನನ್ನ ಅವ್ವನದು. ಅದನ್ನು ಅವಳ ಹೆಸರಿನಲ್ಲಿ ಬರೆ. ನಾನು ಬೇರೇನೂ ಕೇಳುವುದಿಲ್ಲ.

ಅಮರತ್ತೆ

*

ರಾಯಚೂರು
29 ಏಪ್ರಿಲ್ 2025

ಪ್ರೀತಿಯ ಅತ್ತೆಗೆ,

ನಾಲ್ಕು ವಾರ ಉತ್ತರ ಬರೆಯಲಿಲ್ಲ. ನೀವು ಏನೆಂದುಕೊಂಡಿರೋ. ನಿಮ್ಮ ಕಾಗದವನ್ನು ಕಾಲೇಜಿನ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಇನ್ನೂ ಒಂದು ವಿಷಯ ಮುಚ್ಚಿಟ್ಟಿದ್ದೆ, ಅದಕ್ಕೆ. ಪುಸ್ತಕ ಮಾರ್ಚ್ ಹದಿನೈದಕ್ಕೇ ಅಚ್ಚಾಗಿಬಿಟ್ಟಿತ್ತು. ಮುನ್ನೂರು ಪ್ರತಿ. ಮಾರ್ಚಿನಲ್ಲಿ ‘ಏನು ತಪ್ಪು ಬರೆದಿದ್ದೇನೆ’ ಎಂದು ನಿಮ್ಮನ್ನು ಕೇಳುವಾಗ ಕಟ್ಟುಗಳು ನನ್ನ ಮಂಚದ ಕೆಳಗಿದ್ದವು. ಸಂಗಾತಿಗಳ ಸಮಕ್ಕೆ ಹೆಬ್ಬೆಟ್ಟು ಒತ್ತಿದ ಅಜ್ಜ, ವಿನಯದಿಂದ ತಲೆ ತಗ್ಗಿಸಿದ ಅಜ್ಜ, ಎಲ್ಲ ಅದರಲ್ಲಿದೆ. ದಾಖಲೆ ಓದುವುದು ಹೇಗೆ ಎಂದು ಹದಿನೈದು ವರ್ಷದಿಂದ ಹುಡುಗರಿಗೆ ಹೇಳಿಕೊಡುತ್ತಿದ್ದೇನೆ.

ಮೊದಲ ವಾರ ಸುಮ್ಮನಿದ್ದುಬಿಡೋಣ ಅನಿಸಿತು. ಅದನ್ನೂ ಒಪ್ಪಿಕೊಳ್ಳುತ್ತೇನೆ. ಅಜ್ಜ ನನ್ನ ಪಾಲಿಗೆ ದೊಡ್ಡ ಮನುಷ್ಯ, ಅವನು ಅಂಗಿ ತೊಟ್ಟು ಕೆರೆ ಸುತ್ತಿ ಬರುವುದನ್ನು ನೆನೆದರೆ ನಿಮ್ಮ ಕಾಗದವನ್ನು ಮತ್ತೆ ಚೀಲದೊಳಗೆ ತುರುಕುತ್ತಿದ್ದೆ. ಎರಡನೆಯ ವಾರ ಮೌನೇಶ್ವರಿಯಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಕಲ್ಲು ತೆಗೆಸಿಬಿಡುತ್ತಾರೋ ಎಂದು ಭಯವಿತ್ತು. ಅವರು ಒಳಗಿನಿಂದ ಅವಲಕ್ಕಿ ತಂದು ಮುಂದಿಟ್ಟು, “ಓಣಿಗೆಲ್ಲ ಗೊತ್ತಿತ್ತವ್ವ. ನಮ್ಮವ್ವನೂ ಅದ ಮಿಲ್ಲಿನಾಗಿದ್ಲು. ನಿಮ್ಮ ಮನಿಯವರು ಹೇಳಲಿಲ್ಲ, ನಾವೂ ಹೇಳಲಿಲ್ಲ. ನಿನ್ನ ಪುಸ್ತಕ ಓದಿ ಚಪ್ಪಾಳಿ ಬಡದಾಗ ನನಗ ಚಾ ಇಳೀಲಿಲ್ಲ ನೋಡು” ಎಂದರು. ಅವರಿಗೆ ವಯಸ್ಸಾಗಿದೆ ಎಂದು ನಿಮಗೆ ಬರೆದಿದ್ದೆ.

ಹೊಸದಾಗಿ ಅಚ್ಚು ಮಾಡಿಸಲು ಸಂಘದವರಲ್ಲಿ ಶಕ್ತಿ ಇಲ್ಲ. ಒಂದು ಹಾಳೆ ಅಚ್ಚು ಮಾಡಿಸಿ, ಪ್ರತಿ ಪುಸ್ತಕದ ಮೊದಲ ಪುಟಕ್ಕೆ ಗೋಂದು ಹಚ್ಚಿ ಅಂಟಿಸಿದ್ದೇನೆ. ಅಪ್ಪನ ಮಂಚದ ಪಕ್ಕ ಕೂತು ಎಂಟು ದಿನ ಅಂಟಿಸಿದೆ. ಅಪ್ಪ ಎಡಗೈಯಲ್ಲಿ ಗೋಂದಿನ ಬಾಟಲಿ ಹಿಡಿದುಕೊಂಡಿರುತ್ತಿದ್ದ. ನಿಮ್ಮ ಕೆಂಪು ಪೆನ್ನಿಗೆ ಮೊದಲೇ ಶರಣಾಗಿ ಆ ಹಾಳೆಯನ್ನು ಇಲ್ಲಿ ನಕಲು ಮಾಡುತ್ತೇನೆ:

“ಓದುಗರಲ್ಲಿ ವಿನಂತಿ. ಈ ಪುಸ್ತಕದಲ್ಲಿ ನಾನು ತಪ್ಪು ಬರೆದಿದ್ದೇನೆ. 1957ರ ನವೆಂಬರಿನಿಂದ 1979ರಲ್ಲಿ ಮಿಲ್ಲು ಮುಚ್ಚುವವರೆಗೆ ನಲವತ್ತಾರನೆಯ ಬಿಲ್ಲೆ ಹಿಡಿದು ದುಡಿದವರು ಮೌನಪ್ಪನವರಲ್ಲ, ಅವರ ತಮ್ಮನ ಹೆಂಡತಿ ಹಣಮಮ್ಮ. ಹಾಜರಿ ಪುಸ್ತಕದ ಹೆಬ್ಬೆಟ್ಟು ಆಕೆಯದು. ಮನೆಯ ಐದು ಜನ ಉಂಡದ್ದು ಆಕೆಯ ದುಡಿಮೆಯನ್ನು. ಆ ವರ್ಷಗಳಲ್ಲಿ ಮೌನಪ್ಪನವರು ಮನೆಯಲ್ಲಿದ್ದು ರೊಟ್ಟಿ ಮಾಡಿದರು, ಹೆಂಡತಿಯ ಆರೈಕೆ ಮಾಡಿದರು, ಮಕ್ಕಳಿಗೆ ಓದು ಕಲಿಸಿದರು. 1958ರ ಮಾರ್ಚ್ 13ರಿಂದ ಇಪ್ಪತ್ತೊಂದು ದಿನ ಹಣಮಮ್ಮ ಕೆಲಸಕ್ಕೆ ಬಂದಿಲ್ಲ. ಕಾರಣ, ಆ 13ರಂದು ಮಗಳು ಅಮರಮ್ಮ ಹುಟ್ಟಿದಳು.”

ಮೇ ಹನ್ನೆರಡಕ್ಕೆ ಪೂರ್ಣಿಮೆ. ಬರುತ್ತೀರಾ? ನೋಡಿಕೊಳ್ಳಲು ಶಕ್ತಿಯಿಲ್ಲ ಎಂದು ಬರೆದವಳೇ ಈಗ ಕರೆಯುತ್ತಿದ್ದೇನೆ. ಕಾರು ಕಳಿಸುತ್ತೇನೆ. ಅಪ್ಪ ಇನ್ನೂ ಸರಿಯಾಗಿ ಉಣ್ಣುತ್ತಿಲ್ಲ. ಕಾರಣ ತಿಳಿದ ಮೇಲೂ ಸಂಜೆ ಐದಕ್ಕೆ ಅವನಿಗೆ ಏನು ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ. ‘ಚಿಗವ್ವ ಸತ್ತು ಇಪ್ಪತ್ತೊಂಬತ್ತು ವರ್ಷ ಆತು’ ಎಂದು ಒಂದು ದಿನ ಹೇಳಿದೆ. ಮಗುವಿನಂತೆ ಅತ್ತ. ಇನ್ನೆಂದೂ ಹೇಳುವುದಿಲ್ಲ.

ನಿಮ್ಮ
ಮೇಘಾ

*

ದೇವದುರ್ಗ
4 ಮೇ 2025

ಮೇಘಾ,

ಹಾಳೆ ಓದಿದೆ. ಎಲ್ಲೂ ಕೆಂಪು ಪೆನ್ನು ತಾಗಿಸಿಲ್ಲ.

ಹನ್ನೊಂದಕ್ಕೇ ಬರುತ್ತೇನೆ. ಕಾರು ಬೇಡ, ರಾಧಾ ಕರೆತರುತ್ತಾಳೆ. ದಾರಿಯಲ್ಲಿ ಪೋತ್ನಾಳದ ಆ ಬದುವಿನ ಹತ್ತಿರ ನಿಲ್ಲಿಸಿ ನಿನ್ನ ಹಾಳೆಯನ್ನು ಅವಳಿಗೆ ಓದಿ ಹೇಳಬೇಕು. ಮಾತು ಮುರಿದದ್ದಕ್ಕೆ ಬೈಸಿಕೊಳ್ಳಬೇಕು. ಅದು ಸುತ್ತು ದಾರಿ ಎಂದು ರಾಧಾ ಗೊಣಗಿದಳು, ಆಗಲಿ ಎಂದೆ.

ಹುಸೇನಣ್ಣನಿಗೆ ಬರ್ತಾಳ ಎಂದು ಹೇಳಬೇಡ. ಬರ್ತಾಳ ಎಂದರೆ ಅವನು ಕಾಯುತ್ತಾನೆ. ಐದಕ್ಕೆ ಅವನು ಕೇಳಿದ ಕೂಡಲೇ ನೀನು ಅಂಗಳಕ್ಕೆ ಹೋಗು. ಅವನಿಗೆ ಕೇಳುವ ಹಾಗೆ ನಿನ್ನ ಸೆರಗನ್ನು ಎರಡು ಸಲ ಜೋರಾಗಿ ಝಾಡಿಸು. ತಂಬಿಗೆ ನೀರು ಕೈಮೇಲೆ ಸುರಿದುಕೋ, ಸದ್ದಾಗಲಿ. ಆಮೇಲೆ ಒಳಗೆ ಬಂದು ಹೇಳು:

“ಚಿಗವ್ವ ಬಂದಾಳ. ಕೈ ತೊಳಕೊಂಡ್ಲು. ಉಣ್ಣು.”

ಉಣ್ಣುತ್ತಾನೆ.

ಅಮರತ್ತೆ